ಬೆರಳಿನ ತೂಕ, ಕೊರಳಿನ ತೂಕ

ಕುವೆಂಪು ಅವರ 'ಬೆರಳ್‌ಗೆ ಕೊರಳ್' (1947) ಸರಳರಗಳೆಯಲ್ಲಿದೆ. ಐದೈದು ಮಾತ್ರೆಯ ನಾಲ್ಕು ಗಣ, ಲಲಿತರಗಳೆಯದೇ ನಡೆ, ಪ್ರಾಸವನ್ನು ಮಾತ್ರ ಕೈಬಿಟ್ಟಿದೆ. ಹಾಗಾಗಿ ಮಾತು ಸಾಲು ದಾಟಿ ಹರಿಯುತ್ತದೆ. ಇಷ್ಟನ್ನು ನಮ್ಮ ವಿಮರ್ಶಕರು ಹೇಳಿ ಮುಗಿಸಿದ್ದಾರೆ.

ಆದರೆ ಒಳಗೆ ಬಿಟ್ಟ ಪ್ರಾಸ ಹೆಸರಿನಲ್ಲೇ ಕೂತಿದೆ. ಬೆರಳ್, ಕೊರಳ್: ಎರಡನೆಯ ಅಕ್ಷರ ರಕಾರ, ಕೊನೆಗೆ ಳ್, ಒಂದು ಲಘು ಒಂದು ಗುರು, ಮೂರು ಮೂರು ಮಾತ್ರೆ. ಏಕಲವ್ಯನ ಹೆಬ್ಬೆರಳು, ದ್ರೋಣನ ಕೊರಳು ತಕ್ಕಡಿಯಲ್ಲಿ ಸಮ ತೂಗುತ್ತವೆ. ಒಂದೇ ತಪ್ಪಿಗೆ ವರ್ಣ ನೋಡಿ ದಂಡ ಹೇಳಿದ ಮನುಸ್ಮೃತಿಯ ನೆಲದಲ್ಲಿ ಇದು ಸಣ್ಣ ಮಾತಲ್ಲ. ನಡುವಿನ 'ಗೆ' ನೋಡಿ. ಸಂತಿಯೊಳಗ ಇಪ್ಪತ್ತು ರೂಪಾಯಿಗೆ ಕಿಲೊ ಉಳ್ಳಾಗಡ್ಡಿ ಅಂತಾರಲ್ಲ, ಅದೇ 'ಗೆ'. ಬೆಲೆ ಕಟ್ಟುವ ವಿಭಕ್ತಿ.

ಸಂತಪುರದಲ್ಲಿ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಾವು ಬಟ್ಟ ಅಂತೀವಿ, ಕುತ್ತಿಗಿ ಅಂತೀವಿ. ನಮ್ಮ ಬಾಯಾಗ ಪ್ರಾಸ ಎಲ್ಲಿ ಕೂಡ್ತದ್ರಿ?" ಎಂ.ಎ.ದಲ್ಲಿ ಕಲಿತ ಛಂದಸ್ಸು ಅಲ್ಲೇ ನಿಂತಿತು. ನಮ್ಮ ಓಣಿಯಲ್ಲಿ ಹೆಬ್ಬಟ್ಟ ಅಂದರೆ ಮೊದಲು ನೆನಪಾಗೋದು ಏಕಲವ್ಯ ಅಲ್ಲ, ಸಾಲದ ಕಾಗದದ ಮೇಲಿನ ಮಸಿ. ನಮ್ಮ ಅಜ್ಜನ ಬಟ್ಟ ಯಾರೂ ಕಡಿಯಲಿಲ್ಲ, ಒತ್ತಿಸಿಕೊಂಡರು. ಹೊಲ ಹೋಯಿತು.

ನನ್ನ ತಕರಾರು ಇನ್ನೊಂದಿದೆ. ಈ ಸಮತೂಕ ಕೂಡಿಸುವವರು ಯಾರು? ಮಹಾಭಾರತದಲ್ಲಿ ದ್ರೋಣನ ತಲೆ ಕಡಿದವನು ದ್ರುಪದನ ಮಗ ಧೃಷ್ಟದ್ಯುಮ್ನ. ಅದು ಅರಮನೆಯ ಹಳೆಯ ಹಗೆ, ಅದರಲ್ಲಿ ಏಕಲವ್ಯನ ಕೈಯಿಲ್ಲ. ಬೆರಳಿಗೂ ಕೊರಳಿಗೂ ಲೆಕ್ಕ ಹಚ್ಚುವುದು ಕರ್ಮ, ಇಲ್ಲವೆ ಪ್ರಾಸ. ಕಳಕೊಂಡವನ ಕಿವಿಗೆ ನ್ಯಾಯ ಕೇಳಿಸಿತು, ಕೈಗೆ ಸಿಗಲಿಲ್ಲ.

ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಬಂದಾಗ ಪ್ರಾಸಕ್ಕಿಂತ ಪುನರಾವರ್ತನೆ ಮುಂದಾಯಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯಲ್ಲಿ ಒಬ್ಬ ಎತ್ತಿದ ಸಾಲನ್ನು ನೂರು ಜನ ತಿರುಗಿ ಹೇಳಬೇಕು. ಅಲ್ಲಿ ಮಾತ್ರೆ ಎಣಿಸೋದು ಹಲಗೆ. ಹಾಡುವವನ ಬಾಯಾಗ ಬೆರಳು ಬಟ್ಟ ಆದರೂ ತಾಳ ತಪ್ಪೋದಿಲ್ಲ. ಸರಳರಗಳೆಗೆ ಈ ಸವಲತ್ತಿಲ್ಲ. ಅದರ ಹಳಗನ್ನಡವನ್ನು ನಾವೇ ಹತ್ತಿ ಮುಟ್ಟಬೇಕು. ಹಾಗಂತ ಕುವೆಂಪು ಹಾಕಿದ ಬೆಲೆಚೀಟಿಯನ್ನು ಹರಿದು ಒಗೆಯಲಾರೆ.

ಮುಂದಿನ ವಾರ ಆ ಹುಡುಗಿ ಬಟ್ಟಕ್ಕೆ ತಾನೇ ಪ್ರಾಸ ತಂದಳು: ಕೊಟ್ಟ, ಬಿಟ್ಟ. ಎರಡರಲ್ಲೂ ದ್ವಿತ್ವ ಟಕಾರ, ಆದಿಪ್ರಾಸಕ್ಕೆ ಕೊರತೆಯಿಲ್ಲ. "ಕುತ್ತಿಗಿಗೆ ಇನ್ನಾ ಸಿಕ್ಕಿಲ್ರಿ ಸರ್" ಅಂದಳು.