ಏಟು ತಿನ್ನುವುದೂ ಡ್ಯೂಟಿಯೇ?

ಮನೋರೋಗ ವಾರ್ಡಿನಲ್ಲಿ ನರ್ಸ್‌ ಒಬ್ಬರಿಗೆ ಏಟು ಬಿದ್ದರೆ ನಮ್ಮಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ‘ಆ ವಾರ್ಡಿಗೆ ಬಂದ ಮೇಲೆ ಇದೆಲ್ಲ ಇದ್ದದ್ದೇ’ ಎಂಬುದು ಹಿರಿಯರ ಸಮಾಧಾನ. ‘ಕಾನೂನು ಬಿಗಿ ಮಾಡಿ, ಸೆಕ್ಯುರಿಟಿ ಹಾಕಿ’ ಎಂಬುದು ಉಳಿದವರ ಬೇಡಿಕೆ. ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಆಸ್ಪತ್ರೆಯ ಆಡಳಿತವನ್ನು ಎರಡೂ ಸಲೀಸಾಗಿ ಪಾರುಮಾಡುತ್ತವೆ.

ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಎಂದು ಕರ್ನಾಟಕ 2009ರಲ್ಲೇ ಕಾಯ್ದೆ ತಂದಿತು. ಕುಡಿದು ಬಂದು ಕ್ಯಾಜುವಾಲಿಟಿಯ ಗಾಜು ಒಡೆಯುವ ಸಂಬಂಧಿಕನಿಗೆ ಅದು ತಕ್ಕ ಮದ್ದು. ಆದರೆ ಇಂಜೆಕ್ಷನ್ನಿನಲ್ಲಿ ವಿಷವಿದೆ ಎಂದೇ ನಂಬಿ, ಸಿರಿಂಜ್‌ ಕಿತ್ತೆಸೆದು ಕೆನ್ನೆಗೆ ಬಾರಿಸಿದವನಿಗೆ? ತಾನೇನು ಮಾಡುತ್ತಿದ್ದೇನೆಂದು ಅರಿಯಲಾರದಷ್ಟು ಚಿತ್ತಸ್ವಾಸ್ಥ್ಯ ಕಳೆದುಕೊಂಡವನ ಕೃತ್ಯ ಅಪರಾಧವೇ ಅಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್‌. ಶಿಕ್ಷೆಯ ಲೆಕ್ಕ ಹಾಕಿ ಕೈ ತಡೆದುಕೊಳ್ಳುವ ಸ್ಥಿತಿಯಲ್ಲಿ ಅವನಿಲ್ಲ.

‘ಇದ್ದದ್ದೇ’ ಎಂಬ ಮಾತು ಇನ್ನೂ ಅಪಾಯಕಾರಿ. ರೋಗದೊಳಗಿಂದ ಏಟು ಸಿಡಿಲಿನಂತೆ ಎರಗುತ್ತದೆ ಎಂಬ ಭಾವನೆ ಅದರ ಬುಡದಲ್ಲಿದೆ. (ಮಾನಸಿಕ ಕಾಯಿಲೆಯ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ, ಆ ಮಾತು ಬೇರೆ.) ವಾರ್ಡಿನ ಸಂಜೆಯನ್ನು ನೋಡಿದವರಿಗೆ ಹಾಗನ್ನಿಸದು. ಶಿಫ್ಟ್‌ ಬದಲಾಗುವ ಹೊತ್ತು. ‘ಸಿಸ್ಟರ್‌, ಮನೆಗೊಂದು ಫೋನ್‌ ಮಾಡ್ಕೊಡಿ’ ಎಂದು ರೋಗಿ ಬರುತ್ತಾನೆ. ‘ಡಾಕ್ಟರ್‌ ಬರ್ಲಿ.’ ಮತ್ತೆ ಬರುತ್ತಾನೆ. ಈಗ ಕುರ್ಚಿಯಲ್ಲಿರುವವರು ಬೇರೆ. ‘ಹೋಗಿ ಮಲಕ್ಕೊಳ್ಳಿ.’ ಅವನು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯತೊಡಗುತ್ತಾನೆ, ದನಿ ಏರುತ್ತದೆ, ಬಾಗಿಲಿಗೆ ಒದೆ ಬೀಳುತ್ತದೆ. ಆಮೇಲೆ ಕೈ ಏಳುತ್ತದೆ. ಕೇಸ್‌ಶೀಟಿನಲ್ಲಿ ಉಳಿಯುವುದು ‘ಪೇಷಂಟ್‌ ವಯಲೆಂಟ್‌’ ಅಷ್ಟೇ. ಫೋನಿನ ಸುದ್ದಿ ಅಲ್ಲಿಲ್ಲ.

ಏಟಿಗೆ ಮುಂಚಿನ ಇಂಥ ಸೂಚನೆಗಳನ್ನು ಗುರುತಿಸಲೆಂದೇ ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್‌ ಪಟ್ಟಿ ಗಮನಿಸುವುದು ಆರೇ ಚಿಹ್ನೆಗಳನ್ನು: ಗೊಂದಲ, ಸಿಡುಕು, ಗದ್ದಲ, ಬಾಯಿಬೆದರಿಕೆ, ಮೈಮೇಲೆ ಏರಿಬರುವುದು, ವಸ್ತುಗಳ ಮೇಲೆ ಸಿಟ್ಟು ತೀರಿಸುವುದು. ಮುಂದಿನ 24 ಗಂಟೆಯ ಅಪಾಯವನ್ನು ಅದರಿಂದ ಅಂದಾಜಿಸಲು ಕೆಲವೇ ನಿಮಿಷ ಸಾಕು. ಇಂಗ್ಲೆಂಡಿನಲ್ಲಿ ಸಂಶೋಧಕ ಲೆನ್‌ ಬೋವರ್ಸ್‌ ತಂಡ ‘ಸೇಫ್‌ವಾರ್ಡ್ಸ್‌’ ಎಂಬ ಪ್ರಯೋಗವನ್ನು 31 ವಾರ್ಡುಗಳಲ್ಲಿ ನಡೆಸಿತು. ಆಗದು ಎನ್ನುವಾಗ ಕಾರಣ ಹೇಳುವುದು, ಕೆಟ್ಟ ಸುದ್ದಿ ಕೇಳಬೇಕಾದವನ ಪಕ್ಕ ಕೂರುವುದು, ಗಲಾಟೆಯ ನಂತರ ಉಳಿದ ರೋಗಿಗಳಿಗೂ ಧೈರ್ಯ ಹೇಳುವುದು, ಇಂಥ ಹತ್ತು ಕ್ರಮಗಳು. ಹಲ್ಲೆ, ಪರಾರಿ, ಸ್ವಯಂಹಾನಿ ಎಲ್ಲ ಸೇರಿದ ಘರ್ಷಣೆ ಶೇ 15ರಷ್ಟು, ರೋಗಿಯನ್ನು ಹಿಡಿದಿಡುವಂಥ ನಿಯಂತ್ರಣ ಕ್ರಮಗಳು ಶೇ 26ರಷ್ಟು ತಗ್ಗಿದವು. ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ತಗ್ಗಿಸಬಹುದಾದದ್ದನ್ನು ಹಣೆಬರಹ ಎನ್ನುವುದು ಹೇಗೆ?

ಹಾಗಾದರೆ ತಪ್ಪು ನರ್ಸ್‌ನದೇ? ಅಲ್ಲ. ಕಾರಣ ಹೇಳುವಷ್ಟು ಪುರುಸೊತ್ತು ಅವರಿಗೆಲ್ಲಿದೆ? ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಒಬ್ಬರನ್ನೇ ಬಿಟ್ಟು, ನಯವಾಗಿ ಮಾತಾಡುವ ತರಬೇತಿ ಕೊಡಿಸುವುದು ಕುಚೋದ್ಯ. ಸಿಬ್ಬಂದಿ ಕೊರತೆಯ ನೆಪದಲ್ಲಿ ರೋಗಿಯನ್ನು ಕಟ್ಟಿಹಾಕಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಸರಿಯಾದ ನಿಯಮವೇ. ಕೊರತೆ ತುಂಬದೆ ಹಗ್ಗವನ್ನಷ್ಟೇ ಕಿತ್ತುಕೊಂಡರೆ, ಅದರ ಬೆಲೆಯನ್ನು ನರ್ಸ್‌ ಮೈಯಿಂದ ವಸೂಲು ಮಾಡಿದಂತಾಗುತ್ತದೆ.

ಏಟಾದ ಮೇಲೆ ಮೇಲಿನವರ ಮೊದಲ ಪ್ರಶ್ನೆ ‘ನೀವೇನಂದಿರಿ?’ ಎಂದಾದರೆ ಎಷ್ಟೋ ಏಟುಗಳು ರಿಜಿಸ್ಟರಿಗೇ ಏರುವುದಿಲ್ಲ. ಕೇಳಬೇಕಾದ್ದು ಬೇರೆ: ರೋಗಿ ಏನು ಕೇಳಿದ್ದ, ಆಗ ಡ್ಯೂಟಿಯಲ್ಲಿ ಎಷ್ಟು ಜನರಿದ್ದರು, ಕೂಗಿದಾಗ ಯಾರು ಎಷ್ಟು ಹೊತ್ತಿಗೆ ಬಂದರು, ಗಾಯದ ರಜೆ ಆಸ್ಪತ್ರೆಯ ಲೆಕ್ಕಕ್ಕೋ ನರ್ಸ್‌ನದೇ ಸಿ.ಎಲ್‌.ಗೋ.