ಸೂಜಿಗಲ್ಲನ್ನು ಒಡೆದಾಗ

ಈ ವಾರ ಸೂಜಿಗಲ್ಲಿನ ಸರದಿ. ಪಲ್ಲಟದ ನಿಯಮ ಈ ಅಂಕಣದ ಓದುಗರಿಗೆ ಹೊಸದಲ್ಲ. ಒತ್ತು, ಗುಣಿತ ಬಿಡಿಸಿ ವರ್ಣಗಳನ್ನು ಸಾಲಾಗಿ ಹರಡಬೇಕು. ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಮತ್ತೆ ಕಟ್ಟಬೇಕು. ಸೊನ್ನೆ ಎಲ್ಲಿ ಕೂತರೂ ಒಂದೇ ಲೆಕ್ಕ. ಹಾಗೆ ಹರಡಿದರೆ ಸಿಗುವುದು ಸ್, ಊ, ಜ್, ಇ, ಗ್, ಅ, ಲ್, ಲ್, ಉ ಎಂಬ ಒಂಬತ್ತು ವರ್ಣ. ಮರಳಿ ಕಟ್ಟಿದರೆ ‘ಗಲ್ಲಿ ಜೂಸು’! ಬಿಸಿಲುಗಾಲದಲ್ಲಿ ಬಂಗಾರಪೇಟೆಯ ಓಣಿಗಳಲ್ಲಿ ಓಡಾಡಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂಬತ್ತಕ್ಕೆ ಒಂಬತ್ತೂ ಸರಿಹೊಂದುವ ಇಂಥ ಪಲ್ಲಟ ಕನ್ನಡದಲ್ಲಿ ಅಪರೂಪ.

ಆದರೆ ಅಕ್ಷರವನ್ನು ಒಡೆಯಲೇಬಾರದು ಎನ್ನುವ ಪಂಥವೊಂದಿದೆ. ಪದಬಂಧದ ಚೌಕದಲ್ಲಿ ‘ಲ್ಲು’ ಒಂದೇ ಮನೆಯಲ್ಲಿ ಕೂರುತ್ತದೆ, ಆದ್ದರಿಂದ ಪಲ್ಲಟದಲ್ಲೂ ಅದು ಒಂದೇ ತುಂಡು ಎಂಬುದು ಅವರ ವಾದ. ಚೌಕದ ಮಟ್ಟಿಗೆ ಒಪ್ಪುತ್ತೇನೆ, ಪಲ್ಲಟಕ್ಕೆ ಒಪ್ಪಲಾರೆ. ‘ಅಯಸ್ಕಾಂತ’ವನ್ನು ಅವರ ಕೈಗೆ ಕೊಟ್ಟು ನೋಡಿ. ಅ, ಯ, ಸ್ಕಾಂ, ತ. ನಡುವಿನ ‘ಸ್ಕಾಂ’ ಬಾಗಿಲಿಗೆ ಜಡಿದ ಬೀಗ, ಪದ ಅಲ್ಲಾಡುವುದೇ ಇಲ್ಲ. ವರ್ಣಗಳಾಗಿ ಬಿಡಿಸಿ, ಅದೇ ಪದದಿಂದ ‘ಸಂತ’ನೂ ‘ಕಾಯ’ವೂ ಎದ್ದು ಬರುತ್ತವೆ, ಒಂದು ವರ್ಣವೂ ಉಳಿಯುವುದಿಲ್ಲ.

ಇದು ಆಟದ ಮಾತಷ್ಟೇ ಅಲ್ಲ, ವ್ಯಾಕರಣದ ಮಾತೂ ಹೌದು. ಸೂಜಿಗಲ್ಲು ಎಂದರೆ ಸೂಜಿ ಮತ್ತು ಕಲ್ಲು. ಸಂಸ್ಕೃತದ ‘ಸೂಚಿ’ ನಮ್ಮಲ್ಲಿ ‘ಸೂಜಿ’ಯಾಯಿತು. ಕಲ್ಲು ಉತ್ತರಪದವಾಗಿ ಬಂದಾಗ ಅದರ ಕಕಾರ ಗಕಾರವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸುವ ಕತಪಗಳಿಗೆ ಗದಬಗಳು ಬರುವ ಸಂಧಿ ಇದೇ. ಇಲ್ಲಿ ಬದಲಾದದ್ದು ಇಡೀ ಅಕ್ಷರವಲ್ಲ, ಅದರೊಳಗಿನ ಒಂದು ವ್ಯಂಜನ. ಅಕ್ಷರ ಒಡೆಯಬಾರದೆಂದರೆ ‘ಸೂಜಿ’ಯ ಪಕ್ಕದಲ್ಲಿ ‘ಗಲ್ಲು’ ಉಳಿಯುತ್ತದೆ. ಕಬ್ಬಿಣ ಎಳೆಯುವ ಕಲ್ಲು ನೇಣುಗಂಬವಾಗುತ್ತದೆ!

ಇನ್ನೊಂದು ವಿಚಿತ್ರ ನೋಡಿ. ‘ಚುಂಬಕ’ವನ್ನು ಹರಡಿದರೆ ಅದರೊಳಗೆ ‘ಕಂಚು’ ಇದೆ, ಮಿಕ್ಕುವುದು ಒಂದು ‘ಬ’ ಮಾತ್ರ. ‘ಅಯಸ್ಕಾಂತ’ದೊಳಗೆ ‘ಕಾಂಸ್ಯ’ ಇದೆ. ಕಾಂಸ್ಯದ ತದ್ಭವವೇ ಕಂಚು. ಸೂಜಿಗಲ್ಲು ಎಳೆಯದ ಲೋಹವೇ ಸೂಜಿಗಲ್ಲಿನ ಎರಡು ಹೆಸರುಗಳಲ್ಲಿ ಅಡಗಿ ಕೂತಿದೆ. ಇದನ್ನು ಯಾರೂ ವ್ಯುತ್ಪತ್ತಿ ಎಂದುಕೊಳ್ಳಬಾರದು. ಪಲ್ಲಟ ಆಟ, ವ್ಯುತ್ಪತ್ತಿ ಸಾಕ್ಷ್ಯ. ಸಾಕ್ಷ್ಯ ಹೇಳುವುದು ಇಷ್ಟು: ‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಋಗ್ವೇದದ ಕಾಲಕ್ಕೆ ಅಯಸ್ ಎಂಬುದು ಲೋಹಕ್ಕಿದ್ದ ಹೆಸರು. ಕಪ್ಪು ಲೋಹವನ್ನು ‘ಶ್ಯಾಮಾಯಸ’ ಎಂದು ಬೇರೆ ಮಾಡಿದ್ದು ಆಮೇಲೆ.

ಕಬ್ಬಿಣದ ಈ ಪ್ರಿಯನ ವಿಚಾರದಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಶಂಕರರ ಹೆಸರಿನಲ್ಲಿರುವ ‘ಶಿವಾನಂದಲಹರಿ’ಯ 61ನೇ ಶ್ಲೋಕ. ಭಕ್ತಿ ಎಂದರೇನು ಎಂಬುದಕ್ಕೆ ಅಲ್ಲಿ ಐದು ದೃಷ್ಟಾಂತಗಳಿವೆ. ಅಂಕೋಲೆಯ ಬೀಜ ತನ್ನ ಮರಕ್ಕೇ ಬಂದು ಅಂಟುವುದು ಮೊದಲನೆಯದು. ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದು ಎರಡನೆಯದು. ಆಮೇಲೆ ಪತಿಯ ಕಡೆಗೆ ಸತಿ, ಮರದ ಕಡೆಗೆ ಬಳ್ಳಿ, ಕಡಲಿನ ಕಡೆಗೆ ಹೊಳೆ. ಗಮನಿಸಿ, ಅಲ್ಲಿ ಎಳೆಯಿಸಿಕೊಳ್ಳುವುದು ಕಬ್ಬಿಣದ ಗಟ್ಟಿಯಲ್ಲ, ಸೂಜಿ. ನಮ್ಮ ಮಾತಿನ ಸೂಜಿಯೂ ಕಲ್ಲೂ ಆ ಶ್ಲೋಕದಲ್ಲಿ ಪಕ್ಕಪಕ್ಕದಲ್ಲೇ ಕೂತಿವೆ. ಆದರೆ ತರ್ಕಕ್ಕೆ ನಿಂತಾಗ ಶಂಕರರು ಇದೇ ಕಲ್ಲಿಗೆ ಬೇರೆ ಕೆಲಸ ಕೊಡುತ್ತಾರೆ. ತಾನು ಅಲುಗದೆ ಕಬ್ಬಿಣವನ್ನು ಅಲುಗಿಸುವ ಅಯಸ್ಕಾಂತದ ಹಾಗೆ ಪುರುಷನು ಪ್ರಕೃತಿಯನ್ನು ಚಲಿಸುವಂತೆ ಮಾಡುತ್ತಾನೆ ಎಂದ ಸಾಂಖ್ಯರಿಗೆ ಅವರು ಬ್ರಹ್ಮಸೂತ್ರಭಾಷ್ಯದಲ್ಲಿ ಉತ್ತರಿಸುತ್ತಾರೆ: ಅಯಸ್ಕಾಂತವನ್ನು ಕಬ್ಬಿಣದ ಹತ್ತಿರ ತರಬೇಕು, ಒರೆಸಿ ಶುದ್ಧ ಮಾಡಬೇಕು, ಪುರುಷನೋ ಸದಾ ಹತ್ತಿರವೇ ಇರುವವನಾದರೆ ಚಲನೆಯೂ ಸದಾ ಇರಬೇಕಾಗುತ್ತದೆ. ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರ ಮಾತು ಇದು.

ಪಲ್ಲಟದ ಪಟ್ಟಿಯನ್ನು ಇಲ್ಲಿಗೇ ಬಿಟ್ಟು ನಮ್ಮ ಬೇತಮಂಗಲಕ್ಕೆ ಬರುತ್ತೇನೆ, ಏಕೆಂದರೆ ಇದಕ್ಕಿಂತ ದೊಡ್ಡ ಸಂಗತಿ ಇಲ್ಲಿದೆ. ಒಂದು ಕಾಲಕ್ಕೆ ವಿಜಯಾದಿತ್ಯಮಂಗಲ ಎನಿಸಿಕೊಂಡ ಊರಿದು. ಪಾಲಾರಿನ ಕೆರೆಯಂಗಳದ ಮರಳಿನಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ ಎಳೆದರೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಅದು ಮ್ಯಾಗ್ನಟೈಟ್, ಸೂಜಿಗಲ್ಲಿನದೇ ಖನಿಜ. ಅದಕ್ಕೆ ಇಲ್ಲಿ ಮೂರು ನುಡಿಯ ಹೆಸರುಗಳು ಸಿಗುತ್ತವೆ. ತಮಿಳಿನಲ್ಲಿ ಕಾಂತಂ. ತೆಲುಗಿನಲ್ಲಿ ಸೂದಂಟುರಾಯಿ: ಸೂದಿ ಎಂದರೆ ಸೂಜಿ, ಅಂಟು ಎಂದರೆ ಅಂಟುವುದು, ರಾಯಿ ಎಂದರೆ ಕಲ್ಲು. ಸಂಸ್ಕೃತ ಕಲ್ಲಿನಲ್ಲಿ ಪ್ರೀತಿ ಕಂಡಿತು. ಚೀನೀಯರ ಹಳೆಯ ಬರಹದಲ್ಲೂ ಅದು ವಾತ್ಸಲ್ಯದ ಕಲ್ಲು. ಗ್ರೀಕರು ಮ್ಯಾಗ್ನೀಷಿಯಾ ಎಂಬ ನಾಡಿನ ಹೆಸರಿಟ್ಟರು. ಕನ್ನಡ, ತೆಲುಗಿನವರು ಮನೆಯಲ್ಲಿ ಬಿದ್ದು ಕಳೆದುಹೋಗುವ ಸೂಜಿಯನ್ನು ಕಂಡರು.

ಇಂಗ್ಲಿಷರು? ಅವರ ಹಳೆಯ ಪದ ಲೋಡ್‌ಸ್ಟೋನ್. ಅದರ ‘ಲೋಡ್’ ಎಂದರೆ ದಾರಿ. ಕಡಲಿನಲ್ಲಿ ದಿಕ್ಕು ತೋರುವ ಕಲ್ಲು ಎಂದು ಆ ಹೆಸರು. ಅದೇ ಪದ ಮುಂದೆ ಗಣಿಯವರ ಬಾಯಲ್ಲಿ ಬಂಡೆಯೊಳಗೆ ಹರಿದ ಅದಿರಿನ ಎಳೆಯಾಯಿತು. ನಮ್ಮ ಕೆಜಿಎಫ್‌ನ ಮುಖ್ಯ ಚಿನ್ನದ ಎಳೆಯ ಹೆಸರು ಚಾಂಪಿಯನ್ ಲೋಡ್. ಅದರ ಬೆನ್ನುಹತ್ತಿ ನಮ್ಮ ತಾತಂದಿರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು, ಬೇತಮಂಗಲದ ನೀರು ಆ ಗಣಿಯೂರಿಗೆ ಹೋಯಿತು. 2001ರಲ್ಲಿ ಗಣಿ ಮುಚ್ಚಿತು. ಇಂದು ನಾವು ಹೇಳುವ ‘ಒಂದು ಲೋಡು ಜಲ್ಲಿ’ಯ ಲೋಡೂ ಅದೇ ಬೇರಿನದು, ದಾರಿ ಎಂಬ ಅರ್ಥ ಸಾಗಣೆಗೆ, ಸಾಗಣೆಯಿಂದ ಹೊರೆಗೆ ಸರಿಯಿತು. ಆ ಜಲ್ಲಿಯೂ ಸೂಜಿಗಲ್ಲಿನ ವರ್ಣಗಳಲ್ಲಿ ಇದೆ, ಕಟ್ಟಿ ನೋಡಿ. ಸೂದಂಟುರಾಯಿಯನ್ನು ಹರಡಿದರೆ ‘ಅಂಟು’ವನ್ನು ಮುಟ್ಟದೆಯೇ ಒಂದು ಪೂರ್ತಿ ಪದ ಸಿಗುತ್ತದೆ: ‘ದಾರಿ’.

ಈ ತಾಲೂಕಿನ ಮಕ್ಕಳು ಮೂರು ನುಡಿಯ ನಡುವೆ ಬೆಳೆಯುತ್ತಾರೆ. ಸಂಧಿಯನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರುಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಒಂದು ದಿನ ಸೂತ್ರ ಬದಿಗಿಟ್ಟು ಸೂಜಿಗಲ್ಲು, ಸೂದಂಟುರಾಯಿ, ಕಾಂತಂ ಮೂರನ್ನೂ ಹಲಗೆಯ ಮೇಲೆ ಬರೆಯಿರಿ, ಒಡೆಯಲು ಮಕ್ಕಳಿಗೇ ಬಿಡಿ. ಕಕಾರ ಎಲ್ಲಿ ಹೋಯಿತೆಂದು ಅವರೇ ಕೇಳುತ್ತಾರೆ. ಆದೇಶ ಸಂಧಿಯ ಪಾಠ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ.