ಎಲ್ಲ ಒಡಕಿಗೂ ಒಂದೇ ರಾಡು: ದುರಸ್ತಿ ಬೆಸುಗೆಯ ಒಂದು ವಿಮರ್ಶೆ

ಮಳೆಗಾಲದ ನಡುವೆ ಒಂದೆರಡು ದಿನ ಹೊಳವಾದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅಡಿಕೆ ತೋಟಗಳಲ್ಲಿ ಬೋರ್ಡೋ ಸಿಂಪರಣೆಯ ಅವಸರ ಆರಂಭವಾಗುತ್ತದೆ. ಕೊಳೆರೋಗದ ಸೂಕ್ಷ್ಮಜೀವಿ ಕಾಯುವುದಿಲ್ಲ. ಅದೇ ದಿನ ಸಿಂಪರಣಾ ಪಂಪಿನ ಬೀಡಿನ ಒಡಲು ಬಿರುಕು ಬಿಟ್ಟಿತೆನ್ನಿ. ಕೃಷಿಕರು ಅದನ್ನು ಹೊತ್ತು ಪೇಟೆಯ ವೆಲ್ಡಿಂಗ್ ಅಂಗಡಿಗೆ ಬರುತ್ತಾರೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಬೆಸುಗೆ ಮಿರಮಿರ ಹೊಳೆಯುತ್ತದೆ. ಮರುದಿನ ಪಂಪು ಮತ್ತೆ ಸೋರುತ್ತದೆ. ಆಗ ಸಿಗುವ ಸಮಾಧಾನದ ಮಾತು ಒಂದೇ: ‘ನಮ್ಮ ವೆಲ್ಡಿಂಗ್ ಹೋಗಲಿಲ್ಲ, ಅದರ ಪಕ್ಕದಲ್ಲಿ ಬಿಟ್ಟದ್ದು.’

ಈ ಮಾತು ಸುಳ್ಳಲ್ಲ. ಆದರೆ ಅದು ಕೆಲಸ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಕೆಲಸ ಎಲ್ಲಿ ತಪ್ಪಿತು ಎಂಬುದನ್ನು ಅದೇ ಹೇಳುತ್ತದೆ.

ಪಕ್ಕದಲ್ಲೇ ಏಕೆ ಬಿಡುತ್ತದೆ?

ಬೀಡು ಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇಕಡಾ 2.5ರಿಂದ 4ರಷ್ಟು ಇಂಗಾಲ ಇರುತ್ತದೆ. ಬೂದು ಬೀಡಿನಲ್ಲಿ ಅದರ ಬಹುಪಾಲು ಗ್ರಾಫೈಟಿನ ತೆಳು ಹಾಳೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಅಂಗಡಿಗಳಲ್ಲಿ ಹೆಚ್ಚು ಬಳಕೆಯಾಗುವ ‘6013’ ರಾಡು ಮೃದು ಉಕ್ಕಿಗೆಂದು ತಯಾರಾದದ್ದು. ಅದರ ಲೋಹದಲ್ಲಿ ಇಂಗಾಲ ಶೇಕಡಾ 0.1ರ ಆಸುಪಾಸು ಮಾತ್ರ. ಚಾಪದ ಶಾಖಕ್ಕೆ ಬೀಡಿನ ಅಂಚು ಕರಗಿದಾಗ ಗ್ರಾಫೈಟಿನ ಇಂಗಾಲ ದ್ರವ ಲೋಹದಲ್ಲಿ ಬೆರೆಯುತ್ತದೆ. ಸುತ್ತಲಿನ ತಣ್ಣಗಿನ ದಪ್ಪ ಲೋಹ ಆ ಶಾಖವನ್ನು ಕೂಡಲೇ ಹೀರಿಕೊಳ್ಳುತ್ತದೆ. ಇಂಗಾಲವು ಮತ್ತೆ ಗ್ರಾಫೈಟಾಗಿ ಬೇರ್ಪಡಲು ಸಮಯ ಸಿಗದೆ ಸಿಮೆಂಟೈಟ್, ಮಾರ್ಟೆನ್ಸೈಟ್ ಎಂಬ ಗಾಜಿನಂತೆ ಗಡಸಾದ ರೂಪಗಳು ಉಂಟಾಗುತ್ತವೆ. ಇದರ ಮೇಲೆ, ಬೆಸುಗೆ ತಣಿಯುವಾಗ ಕುಗ್ಗಿ ಎರಡೂ ಬದಿಯನ್ನು ಎಳೆಯುತ್ತದೆ. ಮೃದು ಉಕ್ಕಾದರೆ ತುಸು ಹಿಗ್ಗಿ ಸಹಿಸಿಕೊಳ್ಳುತ್ತದೆ. ಬೀಡಿಗೆ ಹಿಗ್ಗುವ ಗುಣವೇ ಇಲ್ಲವೆನ್ನಬಹುದು. ಹಾಗಾಗಿ ಬೆಸುಗೆಯ ಗೆರೆಗೆ ಅಂಟಿಕೊಂಡಂತೆ ಹೊಸ ಬಿರುಕು ಮೂಡುತ್ತದೆ.

ಬೀಡಿಗೆ ಬೇರೆ ದಾರಿಗಳಿವೆ. ಮೊದಲನೆಯದು ನಿಕ್ಕಲ್ ರಾಡು. ನಿಕ್ಕಲ್ ಮೃದು ಲೋಹ. ಇಂಗಾಲದೊಡನೆ ಗಡಸು ಸಂಯುಕ್ತ ಮಾಡಿಕೊಳ್ಳುವುದಿಲ್ಲ. ಇದನ್ನು ಬಳಸುವಾಗ ಒಂದು ಅಂಗುಲದಷ್ಟು ಮಾತ್ರ ಬೆಸೆದು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೈ ಇಡುವಷ್ಟು ತಣಿದ ಮೇಲೆ ಮುಂದಿನ ಅಂಗುಲಕ್ಕೆ ಹೋಗಬೇಕು. ಎರಡನೆಯದು ಇಡೀ ಭಾಗವನ್ನು 500-650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬೀಡಿನದೇ ಕಡ್ಡಿಯಿಂದ ಗ್ಯಾಸ್ ವೆಲ್ಡಿಂಗ್ ಮಾಡಿ, ಬೂದಿ ಅಥವಾ ಒಣ ಸುಣ್ಣದ ಪುಡಿಯಲ್ಲಿ ಹೂತು ನಿಧಾನವಾಗಿ ತಣಿಸುವುದು. ಮೂರನೆಯದು ಹಿತ್ತಾಳೆ ಬೆಸುಗೆ. ಇದರ ಕಡ್ಡಿ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ. ಬೀಡು ಕರಗುವುದೇ ಇಲ್ಲ, ಆದ್ದರಿಂದ ಇಂಗಾಲ ಬೆರೆಯುವ ಪ್ರಶ್ನೆಯೂ ಇಲ್ಲ. ನಾಲ್ಕನೆಯದು ಶಾಖವೇ ಇಲ್ಲದ ವಿಧಾನ: ಬಿರುಕಿನ ಎರಡೂ ತುದಿಗೆ ತೂತು ಕೊರೆದು, ಅದರ ಉದ್ದಕ್ಕೂ ತಿರುಪು ಹಾಗೂ ಲೋಹದ ಕೊಂಡಿಗಳಿಂದ ಹೊಲಿಯುವುದು. ಯಾವುದನ್ನು ಆರಿಸಿದರೂ ಬೀಡಿನ ರಂಧ್ರಗಳಲ್ಲಿ ಇಂಗಿದ ಎಣ್ಣೆಯನ್ನು ಮೊದಲು ಸುಟ್ಟು ತೆಗೆಯಬೇಕು. ಇಲ್ಲವಾದರೆ ಬೆಸುಗೆಯಲ್ಲಿ ಗುಳ್ಳೆಗಳು ಉಳಿಯುತ್ತವೆ.

ಈ ಜಿಲ್ಲೆಗೆ ಬೀಡು ಹೊಸ ವಸ್ತುವೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಂಚು ಒತ್ತುವ ಯಂತ್ರಗಳು ನೇತ್ರಾವತಿಯ ದಂಡೆಗೆ ಬಂದವು. ಅಕ್ಕಿ ಗಿರಣಿಯ ಹಲ್ಲರ್‌ನ ಒಡಲೂ ಬೀಡಿನದೇ. ಇಷ್ಟು ಕಾಲದ ಒಡನಾಟದ ನಂತರವೂ ಬೀಡಿಗೂ ಉಕ್ಕಿಗೂ ಒಂದೇ ರಾಡು ಹಾಕುವುದು ಸರಿಯಲ್ಲ.

ಉಕ್ಕೆಲ್ಲ ಒಂದೇ ಅಲ್ಲ

ಟಿಲ್ಲರಿನ ತುಂಡಾದ ಶಾಫ್ಟಿನ ವಿಷಯದಲ್ಲೂ ಇದೇ ತಪ್ಪು ನಡೆಯುತ್ತದೆ. ಒಂದು ಉಕ್ಕು ಬೆಸುಗೆಗೆ ಎಷ್ಟು ಒಗ್ಗುತ್ತದೆ ಎಂದು ಅಂದಾಜಿಸಲು ‘ಇಂಗಾಲ ಸಮಾನಾಂಕ’ ಎಂಬ ಸೂತ್ರವಿದೆ. ಶೇಕಡಾವಾರು ಲೆಕ್ಕದಲ್ಲಿ ಇಂಗಾಲಕ್ಕೆ ಮ್ಯಾಂಗನೀಸಿನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ, ವನೇಡಿಯಂಗಳ ಮೊತ್ತದ ಐದನೇ ಒಂದು ಭಾಗ, ನಿಕ್ಕಲ್ ಮತ್ತು ತಾಮ್ರಗಳ ಮೊತ್ತದ ಹದಿನೈದನೇ ಒಂದು ಭಾಗ ಕೂಡಿಸಬೇಕು. ಮೃದು ಉಕ್ಕಿನಲ್ಲಿ ಇಂಗಾಲ 0.20, ಮ್ಯಾಂಗನೀಸ್ 0.60 ಎಂದುಕೊಂಡರೆ ಉತ್ತರ 0.30. ಶಾಫ್ಟುಗಳಿಗೆ ಬಳಸುವ ‘ಇಎನ್ 8’ ಬಗೆಯ ಉಕ್ಕಿನಲ್ಲಿ ಇಂಗಾಲ 0.40, ಮ್ಯಾಂಗನೀಸ್ 0.72 ಇದ್ದರೆ ಉತ್ತರ 0.52. ಸಂಖ್ಯೆ 0.45ನ್ನು ದಾಟಿದರೆ ಎಚ್ಚರಿಕೆ ಬೇಕು. ಶಾಫ್ಟನ್ನು ದಪ್ಪಕ್ಕೆ ತಕ್ಕಂತೆ ಸುಮಾರು 150-200 ಡಿಗ್ರಿಗೆ ಮೊದಲೇ ಕಾಯಿಸಿ, ಕಡಿಮೆ ಜಲಜನಕದ ‘7018’ ರಾಡಿನಿಂದ ಬೆಸೆದು, ನಿಧಾನವಾಗಿ ತಣಿಯಲು ಬಿಡಬೇಕು. ಬೆಸುಗೆ ಮುಗಿದ ಕೂಡಲೇ ನೀರಿನ ಬಕೆಟ್ಟಿಗೆ ಅದ್ದುವುದೆಂದರೆ ಉಕ್ಕನ್ನು ಕೈಯಾರೆ ಗಡಸು ಮಾಡಿ ಒಡೆಯಲು ಬಿಟ್ಟಂತೆ.

ಮಳೆಗಾಲದ ರಾಡು

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಇನ್ನೊಂದು ಶತ್ರು ತೇವ. ರಾಡಿನ ಮೇಲಿನ ಲೇಪ ಗಾಳಿಯ ತೇವವನ್ನು ಹೀರುತ್ತದೆ. ಚಾಪದಲ್ಲಿ ಆ ನೀರು ವಿಭಜನೆಗೊಂಡು ಜಲಜನಕ ಕಾದ ಲೋಹದೊಳಗೆ ಸೇರುತ್ತದೆ. ಗಡಸಾದ ಉಕ್ಕಿನಲ್ಲಿ ಅದು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಬಿರುಕು ಹುಟ್ಟಿಸುತ್ತದೆ. ಆದ್ದರಿಂದಲೇ ‘7018’ ರಾಡನ್ನು 300-350 ಡಿಗ್ರಿಯ ಒಲೆಯಲ್ಲಿ ಒಂದೆರಡು ಗಂಟೆ ಕಾಯಿಸಿ ಬಳಸಬೇಕು. ತೆರೆದ ಪೊಟ್ಟಣವನ್ನು ಗೋಡೆಯ ಮೂಲೆಯಲ್ಲಿಟ್ಟು, ಬಿಸಿಲು ಬಂದಾಗ ಒಣಗಿಸಿದರೆ ಸಾಲದು. ಒಳ್ಳೆಯ ರಾಡನ್ನು ತೇವಗೊಂಡ ಸ್ಥಿತಿಯಲ್ಲಿ ಬಳಸಿದರೆ ಕೊಟ್ಟ ಹಣವೂ ದಂಡ.

ತಪ್ಪು ಯಾರದು?

ಇದೆಲ್ಲವನ್ನೂ ವೆಲ್ಡರ್ ಮೇಲೆ ಹೊರಿಸುವುದು ಅನ್ಯಾಯ. ನಿಕ್ಕಲ್ ರಾಡಿನ ಬೆಲೆ ಸಾಮಾನ್ಯ ರಾಡಿಗಿಂತ ಹಲವು ಪಟ್ಟು ಹೆಚ್ಚು. ‘ಇವತ್ತೇ ಬೇಕು, ಕಡಿಮೆಗೆ ಮಾಡಿ’ ಎನ್ನುವ ಗಿರಾಕಿ ಎದುರು ನಿಂತಿರುವಾಗ ಬೀಡನ್ನು ಬೂದಿಯಲ್ಲಿ ಹೂತು ರಾತ್ರಿಯಿಡೀ ಕಾಯಲು ಯಾವ ಅಂಗಡಿಯವರಿಗೆ ಸಾಧ್ಯ? ಸಿಂಪರಣೆಗೆ ಮೊದಲು, ಮೇ ತಿಂಗಳಲ್ಲೇ ಪಂಪನ್ನು ತಪಾಸಣೆ ಮಾಡಿಸದ ಕೃಷಿಕರೂ ಇದರಲ್ಲಿ ಪಾಲುದಾರರು.

ಶಿಕ್ಷಣದ ಪಾಲು ಇನ್ನೂ ದೊಡ್ಡದು. ಐಟಿಐಯ ಒಂದು ವರ್ಷದ ವೆಲ್ಡರ್ ತರಬೇತಿಯಲ್ಲಿ ವಿದ್ಯಾರ್ಥಿಯ ಕೈ ಹೆಚ್ಚಾಗಿ ಪಳಗುವುದು ಶುಚಿಯಾದ ಹೊಸ ತಗಡುಗಳ ಮೇಲೆ. ಅಂಗಡಿಗೆ ಬರುವುದಾದರೋ ಎಣ್ಣೆ, ತುಕ್ಕು, ಸುಣ್ಣ, ಮೈಲುತುತ್ತು ಮೆತ್ತಿದ, ಜಾತಿ ಗೊತ್ತಿಲ್ಲದ ಲೋಹ. ‘ಇದು ಯಾವ ಲೋಹ?’ ಎಂದು ಕೇಳುವ ಅಭ್ಯಾಸವೇ ಅಲ್ಲಿ ಮುಖ್ಯ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್‌ನಂಥ ಸ್ವಉದ್ಯೋಗ ತರಬೇತಿಯ ಪರಂಪರೆ ಇರುವ ಈ ಪ್ರದೇಶದಲ್ಲಿ, ಹಳೆಯ ಬಿಡಿಭಾಗಗಳನ್ನೇ ಮುಂದಿಟ್ಟುಕೊಂಡು ದುರಸ್ತಿ ಕಲಿಸುವ ಕೆಲವು ದಿನಗಳ ಪಾಠ ಅಸಾಧ್ಯವಲ್ಲ.

ಪ್ರೌಢಶಾಲೆಯಲ್ಲೂ ಇದಕ್ಕೆ ಜಾಗವಿದೆ. ಶಿಕ್ಷಕರು ಗುಜರಿಯಿಂದ ಒಂದು ಬೀಡಿನ ತುಂಡು, ಒಂದು ಕಟ್ಟಡದ ಕಬ್ಬಿಣ, ಒಂದು ಮುರಿದ ಸ್ಪ್ರಿಂಗ್ ಪಟ್ಟಿ ತರಿಸಲಿ. ಅರದಿಂದ ಉಜ್ಜಿದಾಗ ಸ್ಪ್ರಿಂಗ್ ಪಟ್ಟಿಯ ಮೇಲೆ ಅರ ಜಾರುತ್ತದೆ. ಉಳಿಯಿಂದ ಕೆತ್ತಿದಾಗ ಮೃದು ಉಕ್ಕು ಸುರುಳಿ ಬಿಡುತ್ತದೆ, ಬೀಡು ಪುಡಿಯಾಗುತ್ತದೆ. ಮುರಿದ ಮುಖ ಬೂದುಬಣ್ಣವಾಗಿ, ಒರೆಸಿದ ಬೆರಳು ಕಪ್ಪಾದರೆ ಅದು ಗ್ರಾಫೈಟ್. ವರ್ಕ್‌ಶಾಪಿನಲ್ಲಿ, ಕನ್ನಡಕ ಧರಿಸಿ, ಸಾಣೆಚಕ್ರದ ಕಿಡಿಗಳನ್ನೂ ಹೋಲಿಸಬಹುದು: ಇಂಗಾಲ ಹೆಚ್ಚಿದ ಉಕ್ಕಿನ ಕಿಡಿ ನಕ್ಷತ್ರದಂತೆ ಸಿಡಿಯುತ್ತದೆ, ಬೀಡಿನ ಕಿಡಿ ಮಂಕಾಗಿ, ಗಿಡ್ಡವಾಗಿ ಹಾರುತ್ತದೆ.

ನಮ್ಮ ಕೃಷಿಕರಿಗೆ ಇಂಥ ಪರೀಕ್ಷೆ ಹೊಸದಲ್ಲ. ಬೋರ್ಡೋ ದ್ರಾವಣಕ್ಕೆ ಉಜ್ಜಿದ ಚೂರಿಯನ್ನು ಅದ್ದಿ, ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅವರು ತಿಳಿಯುತ್ತಾರೆ. ದ್ರಾವಣಕ್ಕೆ ತೋರುವ ಆ ಎಚ್ಚರವನ್ನೇ ಅದನ್ನು ಸಿಂಪಡಿಸುವ ಪಂಪಿಗೂ ತೋರಿಸಬೇಕು. ಇನ್ನು ಮುಂದೆ ‘ಪಕ್ಕದಲ್ಲಿ ಬಿಟ್ಟದ್ದು’ ಎಂಬ ಮಾತು ಕೇಳಿದರೆ ಸುಮ್ಮನೆ ಹಿಂದಿರುಗದೆ, ‘ಯಾವ ರಾಡು ಹಾಕಿದ್ದೀರಿ?’ ಎಂದು ಕೇಳೋಣ.